ಗೆರೆಯಮ್ಮನ ಐವತ್ತು ಪೌಂಡು

ನನ್ನ ಹೆಂಡತಿಯನ್ನು ಅವಳ ಕೆಲಸದ ಕಡೆ ಎಲ್ಲರೂ ಕರೆಯುವುದು ಗೆರೆಯಮ್ಮ ಎಂದು. ಯುದ್ಧಕಾಲದ ಹಳೆಯ ಫೈಟರ್ ವಿಮಾನಗಳನ್ನು ರಿಪೇರಿ ಮಾಡಿ ಇಟ್ಟಿರುವ ಸಣ್ಣ ಸಂಗ್ರಹಾಲಯವೊಂದರಲ್ಲಿ ಮೂವತ್ತು ವರ್ಷದಿಂದ ಲೆಕ್ಕ ಹಾಕಿ ಗ್ರಾಫ್ ಬರೆಯುವುದು ಅವಳ ಉದ್ಯೋಗ. ಯಾವ ವಿಮಾನ ಎಷ್ಟು ಬೇಗ ಪಕ್ಕಕ್ಕೆ ಹೊರಳುತ್ತದೆ, ಹೊರಳಿಸಲು ಪೈಲಟ್ ತನ್ನ ಮುಂದಿನ ಸ್ಟಿಕ್ಕನ್ನು ಎಷ್ಟು ಬಲವಾಗಿ ತಳ್ಳಬೇಕು, ಎಲ್ಲವೂ ಅವಳ ಹಾಳೆಗಳಲ್ಲಿವೆ. ನಾನು ದರ್ಜಿ. ನಾನು ಎಳೆದ ಗೆರೆಗೆ ಕತ್ತರಿ ಬೀಳುತ್ತದೆ, ಅವಳು ಎಳೆದ ಗೆರೆಗೆ ಚೌಕಟ್ಟು ಹಾಕುತ್ತಾರೆ. ಆ ಜಂಭ ಅವಳಿಗೆ ಇಲ್ಲದಿಲ್ಲ.

ಬೀರುವಿನ ಬಾಗಿಲು ಬಿಗಿಯಾಗಿದೆ ಎಂದು ನಾನು ಗೊಣಗಿದರೆ ಬೇರೆ ಹೆಂಡತಿಯರು ಎಣ್ಣೆ ತರುತ್ತಾರೆ, ಇವಳು ಸ್ಪ್ರಿಂಗ್ ತಕ್ಕಡಿ ತರುತ್ತಾಳೆ. ಕೊಕ್ಕೆಯನ್ನು ಹಿಡಿಕೆಗೆ ಸಿಕ್ಕಿಸಿ ಎಳೆದು, "ನಾಲ್ಕು ಕಿಲೋ. ಬಿಗಿ ಅಂದ್ರೆ ಏನರ್ಥ ರೀ? ಸಂಖ್ಯೆ ಹೇಳಿ" ಎನ್ನುತ್ತಾಳೆ. ಎಣ್ಣೆ ಹಾಕುವವನು ಕೊನೆಗೆ ನಾನೇ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು. ಮದುವೆಯಾದಾಗಿನಿಂದ ನಾನು ಸಾವಿರ ಸಲ ತಪ್ಪಾಯಿತು ಎಂದಿದ್ದೇನೆ, ಅವಳು ಒಮ್ಮೆಯೂ ಅಂದಿರಲಿಲ್ಲ. ಸಿಟ್ಟು ಮಾಡಿಕೊಳ್ಳೋಣವೆಂದರೆ ಹಾಳಾದ್ದು ಅವಳ ಲೆಕ್ಕ ಸರಿಯಾಗಿಯೇ ಇರುತ್ತಿತ್ತು.

ಸಂಗ್ರಹಾಲಯದ ಬಾಗಿಲಲ್ಲೇ, ವಿಮಾನ ಎಷ್ಟು ಚುರುಕಾಗಿ ಹೊರಳುತ್ತದೆ ಎಂದು ತೋರಿಸುವ ಅವಳ ದೊಡ್ಡ ಗ್ರಾಫ್ ಇದೆ. ಕಪ್ಪು ಗೆರೆ ಅಂದಿನ ಶತ್ರುಪಕ್ಷದ ಚೂಪುಮೂತಿ ವಿಮಾನದ್ದು. ನೀಲಿ ಗೆರೆ ಗುಂಡಣ್ಣನದ್ದು. ಗುಂಡಣ್ಣ ಅಂದರೆ ಈಗಷ್ಟೇ ಹಾರುವಂತಾಗಿರುವ ನಮ್ಮ ವಿಮಾನ, ಹೊಟ್ಟೆ ನೋಡಿ ಮೆಕ್ಯಾನಿಕ್‌ಗಳು ಇಟ್ಟ ಹೆಸರು. ವೇಗ ಹೆಚ್ಚಿದಂತೆ ಕಪ್ಪು ಗೆರೆ ಕುಸಿಯುತ್ತದೆ, ನೀಲಿ ಗೆರೆ ಮೇಲೆಯೇ ಇರುತ್ತದೆ. ಎಂಥ ವೇಗದಲ್ಲೂ ಗುಂಡಣ್ಣ ನಾಲ್ಕು ಸೆಕೆಂಡಿನಲ್ಲಿ ಪೂರ್ತಿ ಒಂದು ಸುತ್ತು ಹೊರಳುತ್ತಾನೆ ಎಂದು ನೋಡಲು ಬಂದವರಿಗೆಲ್ಲ ಹೇಳುತ್ತಿದ್ದರು.

ಅವನನ್ನು ಹಾರಿಸಲು ಒಬ್ಬ ಪೈಲಟ್ ಹುಡುಗಿ ಬಂದಳು. ಕೆಲಸದಲ್ಲಿ ಪಳಗಿದವಳು, ಆದರೆ ಗುಂಡಣ್ಣನನ್ನು ನಿಧಾನ ವೇಗದಲ್ಲಿ ಎರಡೇ ಸಲ ಹಾರಿಸಿದ್ದಳು. ಪ್ರದರ್ಶನದ ದಿನ ಮೈದಾನದ ಮೇಲೆ ಇನ್ನೂರು ಅಡಿ ಎತ್ತರದಲ್ಲಿ, ಪೂರ್ಣ ವೇಗದಲ್ಲಿ ಒಂದು ಸುತ್ತು ಹೊರಳಿಸಬೇಕು. ಅದಕ್ಕೆ ಮೊದಲು ಅದೇ ಎತ್ತರದಲ್ಲಿ ಒಂದು ಅಭ್ಯಾಸ. ಹಾರಾಟದ ಉಡುಪು ಹೊಲಿಸಲು ಅಭ್ಯಾಸದ ಹಿಂದಿನ ದಿನ ಬೆಳಿಗ್ಗೆ ನನ್ನ ಅಂಗಡಿಗೆ ಬಂದಿದ್ದಳು.

"ತೋಳು ಬಿಗಿ ಮಾಡ್ಬೇಡಿ ಅಂಕಲ್."

"ಬಿಗಿ ಮಾಡೋಕೆ ತೋಳು ಎಲ್ಲಮ್ಮ ಇದೆ?" ಎಂದೆ. ಪಾಪ, ನಕ್ಕಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಇದನ್ನೇ ಹೇಳಿ ಹೆಂಡತಿಯನ್ನು ನಗಿಸಲು ಹೋದೆ. ಅವಳು ನಗಲಿಲ್ಲ. "ತೋಳಿನ ಸುತ್ತು ಎಷ್ಟು ಇಂಚು?" ಎಂದಳು.

"ಒಂಬತ್ತೂವರೆ."

ಅರ್ಧ ಊಟಕ್ಕೇ ಕೈ ತೊಳೆದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ನಾನು ಹಿಂದೆ ಓಡಿದೆ.

ದಾಖಲೆ ಕೋಣೆಯಲ್ಲಿ ಅವಳು ಯುದ್ಧಕಾಲದ ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟಳು. ಚೂಪುಮೂತಿಯನ್ನು ಪರೀಕ್ಷಿಸಿದವನು ಸ್ಟಿಕ್ಕಿನ ಮೇಲೆ ಹಾಕಿದ್ದು ಮೂವತ್ತು ಪೌಂಡು ಬಲ. ಗುಂಡಣ್ಣನನ್ನು ಪರೀಕ್ಷಿಸಿದವನು ಯಾವನೋ ಭೀಮ, ಐವತ್ತು ಪೌಂಡು ಹಾಕಿದ್ದ. ಅದನ್ನು ಪುಟದ ಬುಡದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿದ್ದರು.

"ವೇಗ ಜಾಸ್ತಿ ಆದಷ್ಟೂ ಸ್ಟಿಕ್ಕು ಆಡಿಸೋ ರೆಕ್ಕೆಯಂಚಿನ ಪಟ್ಟೀನ ಗಾಳಿ ಗಟ್ಟಿ ಹಿಡ್ಕೊಳ್ಳತ್ತೆ ರೀ. ಆಮೇಲೆ ಹೊರಳಿಸೋದು ವಿಮಾನ ಅಲ್ಲ, ತೋಳು. ನಾನು ಎರಡು ತೋಳನ್ನ ಒಂದೇ ಹಾಳೇಲಿ ಬರೆದು, ವಿಮಾನ ಅಂದ್ಬಿಟ್ಟೆ."

ಅಲ್ಲೇ ನಿಂತು ಮೂವತ್ತು ಪೌಂಡಿಗೆ ಹೊಸ ಲೆಕ್ಕ ಹಾಕಿದಳು. ನಾಲ್ಕು ಸೆಕೆಂಡು ಏಳಾಯಿತು.

"ಮೂರು ಸೆಕೆಂಡಲ್ಲಿ ಏನಾಗತ್ತೆ?" ಎಂದೆ.

"ತಲೆಕೆಳಗಾಗಿ ಇದ್ದಷ್ಟು ಹೊತ್ತೂ ಮೂತಿ ಕೆಳಗಿಳೀತಾ ಇರತ್ತೆ. ಅವಳಿಗೆ ಇರೋದೇ ಇನ್ನೂರು ಅಡಿ."

ಇನ್ನೂರು ಅಡಿ ಅಂದರೆ ಏನೆಂದು ನನಗೂ ಅರ್ಥವಾಯಿತು. ಆದರೂ ನನ್ನ ಬಾಯಿಂದ ಬಂದದ್ದು ಹೇಡಿಯ ಮಾತೇ: "ಎಂಜಿನ್ ಬಿಸಿಯಾಗ್ತಿದೆ ಅಂತ ಏನಾದ್ರೂ ನೆಪ ಹೇಳಿ ಎತ್ತರದಲ್ಲಿ ಹಾರಿಸು ಅನ್ನು. ಗ್ರಾಫ್ ಮಾತು ಯಾಕೆ ಎತ್ತಬೇಕು?" ಮೂವತ್ತು ವರ್ಷದ ಅವಳ ಮರ್ಯಾದೆ ಒಂದು ಮಧ್ಯಾಹ್ನದಲ್ಲಿ ಹೋಗುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಅವಳು ನನ್ನನ್ನು ಒಮ್ಮೆ ನೋಡಿ, ಎರಡೂ ವರದಿಗಳನ್ನು ಕಂಕುಳಲ್ಲಿಟ್ಟುಕೊಂಡು ಹೊರಟಳು.

ಕಾರ್ಯಾಗಾರದಲ್ಲಿ ಎಲ್ಲರೂ ಗುಂಡಣ್ಣನ ಸುತ್ತ ಇದ್ದರು. ಅವಳು ನೆಟ್ಟಗೆ ಹೋಗಿ, "ಬಾಗಿಲಲ್ಲಿರೋ ಗ್ರಾಫ್ ತಪ್ಪು. ತಪ್ಪು ನಂದು. ಈ ಹುಡುಗಿ ಅದನ್ನ ನಂಬಿ ಹಾರಬಾರದು" ಎಂದಳು. ಇಂಥ ಮಾತು ಅವಳ ಬಾಯಲ್ಲಿ ಬಂದರೆ ಕುಣಿದಾಡಬೇಕು ಎಂದು ನಾನು ಎಷ್ಟು ವರ್ಷ ಕಾದಿದ್ದೆ. ಕೇಳಿದಾಗ ಕುಣಿಯಲಿಲ್ಲ, ಅವಳ ಪಕ್ಕಕ್ಕೆ ಹೋಗಿ ನಿಂತೆ.

ಮೇಸ್ತ್ರಿಗೆ ಮೂಗಿನ ತುದಿಯಲ್ಲೇ ಕೋಪ. "ಇಷ್ಟು ವರ್ಷ ಸರಿಯಿದ್ದಿದ್ದು ಇವತ್ತು ತಪ್ಪಾಗೋಯ್ತಾ ಗೆರೆಯಮ್ಮ? ನಾಳೆ ಅಭ್ಯಾಸ ಇಟ್ಕೊಂಡು ಏನು ತಮಾಷೆ ಇದು?"

ಅವಳು ವಾದಕ್ಕೆ ಇಳಿಯಲಿಲ್ಲ. ಹುಡುಗಿಯನ್ನು ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿಸಿ, ಸ್ಟಿಕ್ಕಿಗೆ ಹಗ್ಗ ಕಟ್ಟಿ, ಹಗ್ಗಕ್ಕೆ ಕಾರ್ಯಾಗಾರದ ತಕ್ಕಡಿ ಸಿಕ್ಕಿಸಿ, "ಪಕ್ಕಕ್ಕೆ ತಳ್ಳಮ್ಮ, ಇದ್ದಬದ್ದ ಬಲ ಹಾಕು" ಎಂದಳು. ಹುಡುಗಿಯ ಮುಖ ಕೆಂಪೇರಿತು. ಹದಿನಾಲ್ಕು ಕಿಲೋ. ಅಂದರೆ ಮೂವತ್ತು ಪೌಂಡು, ಚೂರು ಹೆಚ್ಚು. "ಇನ್ನೊಂದ್ಸಲ" ಎಂದಳು ಹುಡುಗಿ, ಹಟದಿಂದ. ಹದಿಮೂರು.

ಮೇಸ್ತ್ರಿ ಬಗ್ಗಿ ತಕ್ಕಡಿಯ ಮುಳ್ಳನ್ನು ತಾನೇ ಓದಿದ. ಮರುದಿನದ ಅಭ್ಯಾಸ ಎಂಟು ಸಾವಿರ ಅಡಿ ಎತ್ತರದಲ್ಲಿ ಎಂದು ತೀರ್ಮಾನವಾಯಿತು. ಉಳಿದದ್ದೆಲ್ಲ ಮೊದಲಿನಂತೆಯೇ, ಅದೇ ವೇಗ, ಅದೇ ಸುತ್ತು.

ಬೆಳಿಗ್ಗೆ ಗುಂಡಣ್ಣ ನಮ್ಮ ತಲೆಯ ಮೇಲೆ ಬಹಳ ದೂರದಲ್ಲಿ ಚುಕ್ಕೆಯಾಗಿದ್ದ. ಹೆಂಡತಿ ಆಕಾಶಕ್ಕೆ ಬೆನ್ನು ಹಾಕಿ ನಿಂತು, "ನೀವೇ ಎಣಿಸ್ರಿ, ನನ್ ಕೈಲಾಗಲ್ಲ" ಎಂದಳು. ನಾನು ದುರ್ಬೀನು ಹಿಡಿದು ಎಣಿಸಿದೆ. ನಾಲ್ಕಕ್ಕೆ ಅವನ ಹೊಟ್ಟೆ ಇನ್ನೂ ಮೇಲಿತ್ತು. ರೆಕ್ಕೆ ನೇರವಾದಾಗ ಏಳು.

ಹುಡುಗಿ ಇಳಿದು ಬಂದಳು. ಮೇಸ್ತ್ರಿಯನ್ನು ದಾಟಿ ಸೀದಾ ನನ್ನ ಹೆಂಡತಿಯ ಹತ್ತಿರ ಬಂದು ನಿಂತಳು.

"ಮುನ್ನೂರೈವತ್ತು ಅಡಿ ಕೆಳಗೆ ಬಂದ್ಬಿಟ್ಟೆ, ಅಮ್ಮ."

ನನ್ನ ಹೆಂಡತಿ ಅವಳನ್ನು ಬಾಚಿ ತಬ್ಬಿಕೊಂಡು, ಎಲ್ಲರ ಎದುರಿಗೇ, ಗೋಳೋ ಎಂದು ಅತ್ತಳು.