ಟೋಲ್ ದಾಟಿದ ಕಾರು

ಅಣ್ಣ ಕಾರು ಕೊಂಡಾಗ ಅದರ ಫಾಸ್ಟ್ಯಾಗನ್ನು ನನ್ನ ಫೋನ್ ನಂಬರಿಗೆ ಮಾಡಿಸಿದ. "ಅವೆಲ್ಲ ನನಗ ತಿಳಿಯಂಗಿಲ್ಲ, ನೀನ ನೋಡ್ಕೋ" ಅಂದ. ಹುಬ್ಬಳ್ಳಿಯಿಂದ ಹೊರಟವನು ಬಳ್ಳಾರಿ ಹತ್ತಿರದ ಟೋಲ್ ದಾಟಿದ ಕೂಡಲೇ ನಮ್ಮೂರು ಕುರುಗೋಡಿನಲ್ಲಿ ನನ್ನ ಫೋನಿಗೆ ಮೆಸೇಜು ಬರುತ್ತಿತ್ತು. ಅವ್ವ ಎದ್ದು ಒಲೆಯ ಮೇಲೆ ಹಂಚು ಇಡುತ್ತಿದ್ದಳು. ಅವನು ಚಪ್ಪಲಿ ಬಿಡುವ ಹೊತ್ತಿಗೆ ರೊಟ್ಟಿ ಬಿಸಿಯಾಗಿರಬೇಕು.

ಆಮೇಲೆ ಅವ್ವ ಯಾರ ಹತ್ತಿರ ಇರಬೇಕೆಂದು ನಾವಿಬ್ಬರೂ ಜಗಳಾಡಿದೆವು. ಅವಳನ್ನು ಯಾರೂ ಕೇಳಲಿಲ್ಲ. ಹಟದಲ್ಲಿ ಅಣ್ಣ ತಮ್ಮಂದಿರದು ಒಂದೇ ತೂಕ. ಅವನು ಬರುವುದು ನಿಲ್ಲಿಸಿದ, ನಾನು ಎರಡು ವರ್ಷ ಫೋನ್ ಮಾಡಲಿಲ್ಲ. ಅವ್ವನಿಗೆ ಫೋನ್ ಇರಲಿಲ್ಲ. ನನ್ನ ಫೋನಿನಿಂದ ಅಣ್ಣನಿಗೆ ಹಚ್ಚಿಕೊಡು ಎಂದು ಅವಳು ಕೇಳಿದರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಆದರೂ ಟ್ಯಾಗಿಗೆ ದುಡ್ಡು ಹಾಕುವುದನ್ನು ಬಿಡಲಿಲ್ಲ. ಮಾತು ಬಿಟ್ಟರೇನು, ಅಣ್ಣ ಟೋಲಿನಲ್ಲಿ ನಿಂತು ಬೈಸಿಕೊಳ್ಳಬಾರದು. ಮೆಸೇಜು ಬಂದಾಗ "ಬಳ್ಳಾರಿ ತನಕ ಬಂದು ಹೋಗ್ಯಾನ" ಎಂದರೆ ಅವ್ವ, "ಕೆಲಸ ಇರ್ತಾವ ಬಿಡಪ್ಪ ಅವಗ. ಆರಾಮ ಅದಾನಲ್ಲ, ಸಾಕು" ಅನ್ನುತ್ತಿದ್ದಳು.

ಹೋದ ವರ್ಷ ಅವಳು ಹಾಸಿಗೆ ಹಿಡಿದಳು. ಒಂದು ಬೆಳಿಗ್ಗೆ ಡಾಕ್ಟರು, "ಯಾರಿಗೆ ಹೇಳೋದೈತಿ, ಇವತ್ತ ಹೇಳ್ರಿ" ಅಂದರು. ಫೋನು ಕೈಗೆತ್ತಿಕೊಂಡೆ. ಅಣ್ಣನ ನಂಬರು ಹುಡುಕುವಷ್ಟರಲ್ಲಿ ಮೆಸೇಜು ಬಂತು, ಕಾರು ಟೋಲ್ ದಾಟಿದೆ ಎಂದು. ಯಾರೋ ಹೇಳಿರಬೇಕು, ಹೊರಟು ಬಂದಿದ್ದಾನೆ ಅಂದುಕೊಂಡೆ. ನಿಜ ಹೇಳಬೇಕೆಂದರೆ, ನಾನಾಗಿ ಫೋನ್ ಮಾಡುವುದು ತಪ್ಪಿತಲ್ಲ ಎಂದು ಹಗುರಾದೆ.

"ಅವ್ವ, ಅಣ್ಣ ಟೋಲ್ ದಾಟ್ಯಾನ" ಅಂದೆ. ಅವಳು ಬಾಗಿಲ ಕಡೆ ಮುಖ ತಿರುಗಿಸಿದಳು. ಒಂದು ಗಂಟೆಯೊಳಗೆ ಬರಬೇಕಾದವನು ಮಧ್ಯಾಹ್ನವಾದರೂ ಬರಲಿಲ್ಲ. "ಎಲ್ಲಿಗೆ ಬಂದ?" ಎಂದು ಎರಡು ಸಲ ಕೇಳಿದಳು. "ಊರ ಹತ್ತರ ಬಂದಾನವ್ವ" ಅಂದೆ. ಸಂಜೆಯ ಮುಂದೆ ಅವಳ ಉಸಿರು ನಿಂತಿತು.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಆಗ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದ.

"ಎಲ್ಲಿದ್ದೀ ಅಣ್ಣ?"

"ಹುಬ್ಬಳ್ಳ್ಯಾಗ, ಮನ್ಯಾಗ."

ಕಾರನ್ನು ಸಿರುಗುಪ್ಪದ ಅಕ್ಕಿ ಗಿರಣಿಯವರೊಬ್ಬರಿಗೆ ಮಾರಿ ಎಂಟು ತಿಂಗಳಾಗಿತ್ತಂತೆ. ಟ್ಯಾಗು ಗಾಜಿನ ಮೇಲೇ ಉಳಿದಿತ್ತು. ಅಷ್ಟು ದಿನ ನಾನೂ ಅವ್ವನೂ ಯಾರದೋ ಓಡಾಟ ಕೇಳಿ ಸಮಾಧಾನಪಟ್ಟಿದ್ದೆವು.

ಅವ್ವನ ವಿಷಯ ಹೇಳಿದೆ. ಬೆಳಿಗ್ಗೆ ಡಾಕ್ಟರು ಅಂದದ್ದನ್ನೂ ಹೇಳಿದೆ. ಅವನು, "ಮುಂಜಾನೆ ಒಂದ ಮಾತು ಹೇಳಿದ್ರ ಮಧ್ಯಾಹ್ನಕ್ಕ ಬಂದಿರ್ತಿದ್ನಲ್ಲೋ" ಎಂದ.

ಬಂದಿರುತ್ತಿದ್ದ. ಮಧ್ಯಾಹ್ನ ಅವ್ವ ಇನ್ನೂ ಎಲ್ಲಿಗೆ ಬಂದ ಎಂದು ಕೇಳುತ್ತಿದ್ದಳು.