ನಾಡಿ ಹಿಡಿದು ಪಾಠ ಹೇಳಿದ ಅಕ್ಕೋರು

ನಮ್ಮ ಮೊಮ್ಮಗಳಿಗೆ ಮಾಸ್ತರಿಕೆ ನೌಕರಿ ಆಯಿತು. ಬೆಳಿಗ್ಗೆ ಸುದ್ದಿ ಬಂದಾಗಿನಿಂದ ನಾನು ಗುಡೂರಿನ ಓಣಿಯೆಲ್ಲ ಸುತ್ತಿದೆ. ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ಮೊದಲು ಯಾರಿಗೆ ಮುಟ್ಟಬೇಕಿತ್ತೋ ಅವರು ಮಾತ್ರ ಇಲ್ಲ.

ಅವಳಿಗೆ ಮೂರನೆಯ ಇಯತ್ತೆಗೆ ಕಲಿಸಿದ ಅಕ್ಕೋರು. ಎತ್ತರದ ಹೆಂಗಸು, ಬಲಗೈಯ ಮೂರು ಬೆರಳಿಗೆ ಸದಾ ಸೀಮೆಸುಣ್ಣ. ಪಾಠ ಹೇಳುತ್ತಲೇ ಆ ಬೆರಳನ್ನು ಹುಡುಗರ ಮಣಿಕಟ್ಟಿನ ಮೇಲೆ ಇಟ್ಟು ನಾಡಿ ನೋಡುತ್ತಿದ್ದರು. ಸಂಜೆ ಮಕ್ಕಳೆಲ್ಲ ಕೈಮೇಲೆ ಮೂರು ಬಿಳಿ ಗುರುತು ಹೊತ್ತು ಮನೆಗೆ ಬರುತ್ತಿದ್ದವು.

ಮಕ್ಕಳಾಗದಂತೆ ಮಾಡುವ ಆಪರೇಶನ್ನಿಗೆ ಹಿಡಿಯುತ್ತಾರೆಂದು, ದವಾಖಾನೆಯ ಜೀಪು ಕಂಡರೆ ಗಂಡಸರು ಜೋಳದ ಹೊಲ ಹೊಕ್ಕು ಕೂರುತ್ತಿದ್ದ ಕಾಲ ಅದು.

"ದೊಡ್ಡವ್ರು ಸಿಗಲಿಲ್ಲ, ಈಗ ಸಣ್ಣ ಹುಡುಗುರ ನಾಡಿ ನೋಡಾಕ ಹತ್ಯಾರ" ಎಂದರು ಓಣಿಯಲ್ಲಿ.

ನನಗೂ ಖರೆ ಅನಿಸಿತು. ಬೀರಪ್ಪನ ಗುಡಿಯಿಂದ ಭಂಡಾರದ ಅರಿಶಿನ ಹಚ್ಚಿದ ಉಣ್ಣೆಯ ದಾರ ತಂದು, ಬೆರಳು ತೂರದ ಹಾಗೆ ಮೊಮ್ಮಗಳ ಎರಡೂ ಮಣಿಕಟ್ಟಿಗೆ ಬಿಗಿದು ಕಟ್ಟಿದೆ.

ಆ ವಾರವೇ ಅಕ್ಕೋರು ಮನೆಗೆ ಬಂದರು.

"ಯಜಮಾನರ, ನಿಮ್ಮ ಹುಡುಗಿ ಕೈ ಭಾಳ ತಣ್ಣಗಿರತಾವ. ಸಾಲಿಗೆ ಅಂಜತಾಳೇನು?"

"ಸಾಲಿಗಲ್ರಿ, ನಿಮ್ಮ ಬೆರಳಿಗೆ ನಾವ ಅಂಜೇವಿ. ನಾಳಿಂದ ಆಕಿ ಕುರಿ ಹಿಂದ ಹೋಗ್ತಾಳ."

ಅಕ್ಕೋರು ದಾರ ನೋಡಿದರು. "ಇಷ್ಟು ಬಿಗಿದ್ರ ತಣ್ಣಗಾಗದ ಏನಾದೀತು? ದೇವರದು, ನಾ ಮುಟ್ಟಂಗಿಲ್ಲ. ನೀವ ಸಡ್ಲ ಮಾಡ್ರಿ."

ಸಡಿಲಿಸಿದೆ. ನನ್ನ ಬೆರಳನ್ನೇ ಅವಳ ನಾಡಿಯ ಮೇಲೆ ಇಡಿಸಿ, ಮಗ್ಗಿ ಕೇಳಿದರು. ನಾಡಿ ತನ್ನ ಪಾಡಿಗೆ ನಡೆದಿತ್ತು. ಪಟ್ಟದಕಲ್ಲಿನಲ್ಲಿ ಹೊಳೆ ಯಾಕೆ ಉತ್ತರಕ್ಕೆ ತಿರುಗುತ್ತದೆ ಎಂದು ಕೇಳಿದರು. ನಾಡಿ ಕುರಿಮರಿಯಂತೆ ಜಿಗಿಯಿತು.

ನನ್ನ ಸಂಶಯ ಹೋಗಲಿಲ್ಲ. "ಅಂಜಿದ್ರೂ ಹಿಂಗ ಓಡತೈತಲ್ರಿ?"

"ಓಡತೈತಿ. ನನಗೂ ಅದ ಸಂಶೇ. ಅದಕ್ಕ ಅಂಗೈನೂ ಮುಟ್ಟತೇನಿ. ಅಂಜಿದ್ರ ತಣ್ಣಗ, ಆಸೆ ಹುಟ್ಟಿದ್ರ ಬೆಚ್ಚಗ. ಅಷ್ಟಕ್ಕ ನಂಬಂಗಿಲ್ಲ, ಬಾಯಿಬಿಟ್ಟು ಕೇಳತೇನಿ. ನಾಡಿ ಏಳಲಿಲ್ಲಂದ್ರ ನನ್ನ ಪಾಠ ಸಪ್ಪಗೈತಿ ಅಂತ ತಿಳೀತೇನಿ."

ಮೊಮ್ಮಗಳ ಅಂಗೈ ಹಿಡಿದು ನೋಡಿದೆ. ಬೆಚ್ಚಗಿತ್ತು.

ಮರುದಿನ ಅವಳು ಸಾಲೆಗೇ ಹೋದಳು. ಆದರೂ ನಾನು ಎಷ್ಟೋ ದಿನ ಸಾಲೆಯ ಕಿಟಕಿಗೆ ಆತು ನಿಂತು ಕಾದೆ. "ಒಳಗ ಬರ್ರಿ ಯಜಮಾನರ, ಅಲ್ಲಿ ನಿಂತ್ರ ನಿಮ್ಮ ನಾಡಿ ಸಿಗಂಗಿಲ್ಲ" ಎಂದು ಅಕ್ಕೋರು ನಗುತ್ತಿದ್ದರು.

ಆಮೇಲೆ ಅವರಿಗೆ ಬಾದಾಮಿಗೆ ವರ್ಗವಾಯಿತು. ಹೋದ ವರ್ಷ ತೀರಿಕೊಂಡರಂತೆ. ಕುರಿಯ ಹಿಂದೆ ಹೋಗಬೇಕಿದ್ದವಳನ್ನು ಸಾಲೆಯಲ್ಲಿ ಉಳಿಸಿದ ಋಣ ನನ್ನ ಮೇಲಿದೆ.

ಇವತ್ತು ಸಂಜೆ ಹೆಂಗಸರು, ಗಂಡಸರು ಎನ್ನದೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತೆವು. ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಹೋಳಿಗೆ. ಮೊದಲ ಹೋಳಿಗೆಯನ್ನು ನಾನೇ ಮೊಮ್ಮಗಳ ತಾಟಿಗೆ ಬಡಿಸಿ, "ಉಣ್ರಿ ಅಕ್ಕೋರ" ಎಂದೆ.

"ಸುಮ್ಮ್‌ ಕುಂದ್ರು ಮುತ್ಯಾ" ಎಂದು ನಾಚಿದಳು. ಆಮೇಲೆ ಎಲ್ಲರೂ ಉಂಡೆವು.