ಸೆವ್ರಿನ್‌ಬಾಯಿಯ ಬಸಿ

ಒಂದು ಅಗಲವಾದ ಪಿಂಗಾಣಿ ಬಸಿ, ಅದರ ಸುತ್ತ ಏಳು ಬೆಕ್ಕುಗಳು, ನಡುವೆ ಬೂತಾಯಿ ಮೀನಿನ ತಲೆ ಹಿಸುಕಿ ಅನ್ನಕ್ಕೆ ಕಲಸುತ್ತಿರುವ ಒಂದು ಕೈ. ಸೆವ್ರಿನ್‌ಬಾಯಿ ಎಂದರೆ ನನಗೆ ಮೊದಲು ನೆನಪಾಗುವುದು ಇದೇ. ಐವತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಉರ್ವಕ್ಕೆ ಬಂದಾಗ ಅವರು ನಮ್ಮ ಪಕ್ಕದ ಮನೆಯವರು. ಶಾಲೆಯಲ್ಲಿ ಟೀಚರ್, ಒಂಟಿ ಜೀವ.

ನಮ್ಮ ಅತ್ತೆಗೆ ಎಂಜಲೆಂದರೆ ಆಗದು, ಮೂರು ಮೂರು ಸಲ ಕೈ ತೊಳೆಯುವವರು. ಸೆವ್ರಿನ್‌ಬಾಯಿಗೆ ಅದೆಲ್ಲ ತಮಾಷೆ. ತಂದೆ ಸತ್ತ ವರ್ಷವೇ ಅಣ್ಣಂದಿರು ಒಲೆ ಬೇರೆ ಮಾಡಿಕೊಂಡದ್ದನ್ನು ಕಂಡವರು ಅವರು. "ಎಂಜಲು ಅಂತ ಎಂತದೂ ಇಲ್ಲ ಮಾರಾಯ್ತಿ. ಬಸಿ ಬೇರೆ ಆದ್ರೆ ಮನೆಯೇ ಬೇರೆ ಆಗ್ತದೆ" ಎಂದು ತಾವು ತಿನ್ನುತ್ತಿದ್ದ, ಇಡ್ಲಿಯಂಥ ಸಾನ್ನವನ್ನೇ ಮುರಿದು ಕೊಡುತ್ತಿದ್ದರು. ಅತ್ತೆಗೆ ಕಾಣದಂತೆ ನಾನೂ ಆ ಬಸಿಗೇ ಕೈ ಹಾಕುತ್ತಿದ್ದೆ.

ಒಂದು ದಿನ ಸೆವ್ರಿನ್‌ಬಾಯಿ ಬಂದರಿನ ಮೀನು ಮಾರ್ಕೆಟಿನಿಂದ ಒಂದು ಬೆಕ್ಕಿನ ಮರಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದರು. ಎರಡೇ ದಿನಕ್ಕೆ ಅದು ವಾಂತಿ ಮಾಡಿಕೊಂಡು ಮುದುಡಿ ಮಲಗಿತು. ದನದ ಡಾಕ್ಟರು ನೋಡಿ, "ಅಂಟುರೋಗ. ಬೇರೆ ಕೋಣೆಯಲ್ಲಿಡಿ, ಬಸಿಯೂ ಬೇರೆ ಇರಲಿ" ಎಂದರು. ಸೆವ್ರಿನ್‌ಬಾಯಿ ಅದನ್ನು ಸೌದೆ ಕೋಣೆಯಲ್ಲಿ ಒಂದು ದಿನ ಇಟ್ಟರು. ಮರಿ ಅಲ್ಲಿ ಏನನ್ನೂ ಮುಟ್ಟಲಿಲ್ಲ.

"ಹುಷಾರಿಲ್ಲದ್ದನ್ನೇ ಬೇರೆ ಕೂರಿಸುದಾ? ಒಬ್ಬರೇ ಕೂತರೆ ಯಾರಿಗೆ ಅನ್ನ ಇಳೀತದೆ?" ಎಂದು ಅದನ್ನು ಎತ್ತಿ ತಂದು ಏಳರ ನಡುವೆ ಅದೇ ಬಸಿಯ ಮುಂದೆ ಕೂರಿಸಿಯೇಬಿಟ್ಟರು. ಮರಿ ಎರಡು ಸಲ ನೆಕ್ಕಿತು. "ತಿಂತಾ ಉಂಟು, ನೋಡಿ!" ಎಂದು ಚಪ್ಪಾಳೆ ತಟ್ಟಿದವಳು ನಾನೇ. ಆ ಚಪ್ಪಾಳೆಯನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮರುದಿನ ಮರಿ ಸತ್ತಿತು. ವಾರ ಕಳೆಯುವುದರೊಳಗೆ ಉಳಿದವೂ ಒಂದೊಂದಾಗಿ ಮಲಗಿದವು. ಸೆವ್ರಿನ್‌ಬಾಯಿ ಶಾಲೆಗೆ ರಜೆ ಹಾಕಿ, ಚಮಚದಲ್ಲಿ ಗಂಜಿತಿಳಿ ಹಿಡಿದು ಎಲ್ಲದರ ಬಳಿಯೂ ಕೂತರು. ಯಾವುದೂ ಬಾಯಿ ತೆರೆಯಲಿಲ್ಲ. ದಾಸವಾಳದ ಬುಡದಲ್ಲಿ ನಾವಿಬ್ಬರೂ ಗುಂಡಿ ತೋಡಿದೆವು, ಮತ್ತೆ ಮತ್ತೆ ತೋಡಿದೆವು. ಕೊನೆಕೊನೆಗೆ ಅಳುವುದೂ ನಿಂತಿತು. ಏಳು ಬೆಕ್ಕುಗಳಲ್ಲಿ ಕೊನೆಯದನ್ನು ಹೂತ ದಿನ ಅವರು, "ರೋಗ ಬಂದದ್ದಲ್ಲ ಮಾರಾಯ್ತಿ, ನಾನು ಬಡಿಸಿದ್ದು" ಎಂದರು.

ಮುಂದೆ ನಾವು ಸುರತ್ಕಲ್‌ಗೆ ಮನೆ ಬದಲಾಯಿಸಿದೆವು. ಹೇಳಿ ಬರಲು ನಾನು ಸೆವ್ರಿನ್‌ಬಾಯಿಯ ಮನೆಗೆ ಹೋದಾಗ ಅವರು ಸಾನ್ನ ತಿನ್ನುತ್ತಿದ್ದರು. ಹಳೆಯ ಸಲಿಗೆಯಲ್ಲಿ ಕೈ ಚಾಚಿದೆ. ಅವರು ಬೆಚ್ಚಿಬಿದ್ದು ಬಸಿಯನ್ನು ಎದೆಗೆ ಎಳೆದುಕೊಂಡರು.

"ಮುಟ್ಟಬೇಡ ಮಾರಾಯ್ತಿ, ಎಂಜಲು. ನಿನಗೆ ಬೇರೆ ಬಸಿ ಉಂಟು."

ಅದೇ ನಮ್ಮ ಕೊನೆಯ ಭೇಟಿ. ಅವರು ಬೇರೆ ಬಸಿಯಲ್ಲಿ ಹಾಕಿಕೊಟ್ಟ ಸಾನ್ನ ನನಗೆ ಇಳಿಯಲಿಲ್ಲ.